ಎರಡು ಚೀಟಿ, ಒಂದೇ ಹೆಸರು

ಆ ಬುಧವಾರ ಮಾಡಿದ ಕೆಲಸಗಳು: ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದೆ. ಹದಿನಾಲ್ಕು ರೊಟ್ಟಿ ಬಡಿದೆ. ಬದನೆಕಾಯಿ ಎಣ್ಣೆಗಾಯಿ ಮಾಡಿ ನಮ್ಮ ಮನೆಯವರ ಬುತ್ತಿ ಕಟ್ಟಿದೆ. ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ, ನನ್ನ ಗುಳಿಗೆ ಎರಡನ್ನೂ ಒಂದೇ ಬಟ್ಟಲಲ್ಲಿ ತೆಗೆದಿಟ್ಟು, ಅವರದನ್ನು ಅವರಿಗೆ ನುಂಗಿಸಿದೆ. ನನ್ನದನ್ನು ಮಧ್ಯಾಹ್ನ ನೋಡಿದರಾಯಿತೆಂದು ಬಿಟ್ಟೆ. ಎರಡು ಸೀರೆಗೆ ಫಾಲ್ ಹಚ್ಚಿದೆ. ಒಂದು ಮೊರ ಕಡಲೆ ಹಸನು ಮಾಡಿದೆ. ಹತ್ತೂವರೆಗೆ ಅತ್ತೆಯನ್ನು ಕರೆದುಕೊಂಡು ಊರಿನ ಆರೋಗ್ಯ ಕೇಂದ್ರಕ್ಕೆ ಹೋದೆ.

ದಿನದ ಕೆಲಸವನ್ನು ಒಂದು ವಹಿಯಲ್ಲಿ ಬರೆದಿಡುವುದು ನನ್ನ ಹಳೆಯ ರೂಢಿ. ಆ ದಿನದ ಪುಟ ತೆರೆದರೆ ಕಡೆಯ ಸಾಲು ಹೀಗಿದೆ: ‘ಅತ್ತಿಯವರ ಕಣ್ಣಿನ ಫೋಟೋ ಆಯಿತು.’ ನನ್ನ ಕಣ್ಣಿನ ಫೋಟೋ ಕೂಡ ಅಂದೇ ಆಗಿತ್ತು. ಅದನ್ನು ಬರೆಯಬೇಕೆಂದು ನನಗೆ ಅನಿಸಿರಲೇ ಇಲ್ಲ.

ನಾವಿರುವುದು ಸಂಪಗಾಂವದಲ್ಲಿ. ನಮ್ಮ ಮನೆಯವರು ಬೈಲಹೊಂಗಲದಲ್ಲಿ ಬೋರ್‌ವೆಲ್ ಮೋಟಾರಿನ ವೈಂಡಿಂಗ್ ಮಾಡುತ್ತಾರೆ; ಸುಟ್ಟ ಮೋಟಾರು ಬಿಚ್ಚಿ ತಾಮ್ರದ ತಂತಿ ಹೊಸದಾಗಿ ಸುತ್ತುವ ಕೆಲಸ. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುತ್ತೇನೆ, ಕುಪ್ಪಸಕ್ಕೆ ಹುಕ್ಕು, ಕಾಜಾ ಮಾಡಿಕೊಡುತ್ತೇನೆ. ಐವತ್ತು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ ಎಂಬ ಜಂಬ ನನಗಿತ್ತು. ಓಣಿಯ ಹೆಂಗಸರು ಸೂಜಿ ಹಿಡಿದುಕೊಂಡು ನನ್ನ ಕಟ್ಟೆಗೇ ಬರುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಗಿದ್ದರೂ ಅದನ್ನು ನಾನು ದೂರದ ನೆಂಟರಂತೆ ಕಂಡಿದ್ದೆ. ಬಂದಾಗ ಒಂದು ಮಾತು ಆಡಿಸಿದರೆ ಸಾಕು, ದಿನಾ ವಿಚಾರಿಸಬೇಕಿಲ್ಲ ಎಂಬ ಲೆಕ್ಕ. ಅತ್ತೆಗೆ ಇಪ್ಪತ್ತು ವರ್ಷದಿಂದ ಇದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಎಂದರೆ ಅವರೇ.

ಆರೋಗ್ಯ ಕೇಂದ್ರಕ್ಕೆ ಹೊಸ ಮಷಿನ್ ಬಂದಿದೆ, ಸಕ್ಕರೆ ಕಾಯಿಲೆ ಇದ್ದವರೆಲ್ಲ ಕಣ್ಣಿನ ಫೋಟೋ ತೆಗೆಸಿಕೊಳ್ಳಬೇಕು ಎಂದು ಸಿಸ್ಟರ್ ಮನೆ ಮನೆಗೆ ಹೇಳಿಹೋಗಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಸವದತ್ತಿ ಕಡೆಯವಳು, ಮಾತು ಬಹಳ ಮೃದು. ಅತ್ತೆಯ ಕಿವಿಗೆ ಬಿದ್ದದ್ದು ಫೋಟೋ ಎಂಬ ಶಬ್ದ ಮಾತ್ರ. ಹೊರಡುವ ಹೊತ್ತಿಗೆ ನೋಡುತ್ತೇನೆ, ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ವಿಭೂತಿ ಇಟ್ಟುಕೊಂಡು, ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದಾರೆ. ಬರೀ ಕಣ್ಣಿನ ಒಳಗಿನ ಫೋಟೋ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಫೋಟೋ ಅಂದ ಮೇಲೆ ಅಷ್ಟಿಷ್ಟು ಆಜುಬಾಜೂದೂ ಬಂದs ಬರತೈತಿ ಎಂದರು.

ಮಷಿನ್ ಇಟ್ಟಿದ್ದ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಮೊದಲು ಹೊರಗೆ ಸಿಸ್ಟರ್ ಟ್ಯಾಬಿನಲ್ಲಿ ಹೆಸರು ತುಂಬಿಕೊಂಡಳು. ಮುಂದಿನದೆಲ್ಲ ನಡೆದದ್ದು ಈ ಹೆಸರಿನಿಂದ, ಆದ್ದರಿಂದ ಇದನ್ನು ಸಾವಕಾಶ ಹೇಳುತ್ತೇನೆ.

ನನ್ನ ತವರು ರಾಮದುರ್ಗ. ಅಲ್ಲಿ ನಾನು ಮಹಾದೇವಿ. ಸಂಬಂಧ ಗಟ್ಟಿಯಾದಾಗ ತಿಳಿದದ್ದು, ಅತ್ತೆಯಾಗುವವರ ಹೆಸರೂ ಮಹಾದೇವಿಯೇ. ಒಂದು ಮನೆಯಲ್ಲಿ ಅತ್ತೆ ಸೊಸೆಗೆ ಒಂದೇ ಹೆಸರು ನಡೆಯುವುದಿಲ್ಲ. ಮಾವ ಹೆಂಡತಿಯನ್ನು ಕೂಗಿದರೆ ಸೊಸೆ ಓಡಿ ಬರುವಂತಾಗುತ್ತದೆ. ಹೀಗಾಗಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಅದರಲ್ಲಿ ಬೆರಳಿನಿಂದ ‘ಕಸ್ತೂರಿ’ ಎಂದು ಬರೆಸಿ ಹೆಸರು ಬದಲಿಸಿದರು. ಮೂವತ್ತು ವರ್ಷದಿಂದ ನಾನು ಕಸ್ತೂರಿ. ಆಧಾರ್ ಕಾರ್ಡು ಮಾತ್ರ ಸಾಲೆಯ ದಾಖಲೆ ನೋಡಿ ಮಾಡಿದ್ದು. ಅದರಲ್ಲಿ ನಾನು ಇನ್ನೂ ಮಹಾದೇವಿ. ಅಡ್ಡಹೆಸರನ್ನು ಗಂಡನ ಮನೆಯದೇ ಬರೆಸಿದ್ದರಿಂದ ಅದೂ ಇಬ್ಬರದು ಒಂದೇ.

ಸಿಸ್ಟರ್ ಎರಡೂ ಕಾರ್ಡು ನೋಡಿ ನಕ್ಕಳು. ಇಬ್ಬರೂ ಮಹಾದೇವಿ ಆದಿರಲ್ಲ, ಚೀಟಿಯಲ್ಲಿ ವಯಸ್ಸು ಬರುವುದಿಲ್ಲ, ಗಂಡನ ಹೆಸರು ಹೇಳ್ರಿ, ಅದರ ಮೇಲೆ ಗುರುತು ಹಿಡಿಯುತ್ತೇನೆ ಎಂದಳು. ಅತ್ತೆ ಗಂಡನ ಹೆಸರನ್ನು ಆಯುಷ್ಯದಲ್ಲಿ ಬಾಯಿಬಿಟ್ಟು ಹೇಳಿದವರಲ್ಲ. ಮಾವ ತೀರಿಕೊಂಡು ಎಂಟು ವರ್ಷವಾಗಿದೆ, ಆದರೂ ಹೇಳುವುದಿಲ್ಲ. ನನ್ನ ಕಡೆ ಕೈ ತೋರಿಸಿದರು. ಮಾವನವರ ಹೆಸರನ್ನು ಸೊಸೆಯಾದವಳು ಅತ್ತೆಯ ಎದುರಿಗೆ ಹೇಗೆ ಹೇಳುವುದು? ನಾನು ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡಿದೆ. ನನ್ನ ಗಂಡನ ಹೆಸರು ಹೇಳಲು ನನಗೇನೂ ಅಡ್ಡಿ ಇರಲಿಲ್ಲ, ಆದರೆ ಅವರು ಹೇಳದ ಜಾಗದಲ್ಲಿ ನಾನು ಪಟಪಟ ಹೇಳಿದರೆ ಏನು ಚಂದ ಎಂದು ಸುಮ್ಮನಾದೆ. ಹಿಂದೆ ಉದ್ದನ್ನ ಪಾಳಿ ಇತ್ತು. ಪಾಪ, ಆ ಹುಡುಗಿ ಎರಡೂ ಕಡೆ ಬರೀ ಒಂದು ಗೆರೆ ಎಳೆದು ಮುಂದೆ ಹೋದಳು.

ಒಳಗೆ ಹೋದಾಗ ಅತ್ತೆಗೆ ಅಂಜಿಕೆ. ಮೊದಲು ನೀ ಕುಂಡ್ರು, ಏನಾಗತೈತಿ ನೋಡೂಣು ಎಂದರು. ನಾನೇ ಕುಳಿತೆ. ಗದ್ದವನ್ನು ಒಂದು ತಟ್ಟೆಯ ಮೇಲಿಟ್ಟು, ಹಣೆ ಪಟ್ಟಿಗೆ ಒತ್ತಿ, ಹಸಿರು ಚುಕ್ಕೆ ನೋಡುತ್ತಿರಬೇಕು. ಪಕ್ಕನೆ ಬೆಳಕು ಹೊಡೆಯಿತು, ಒಂದು ಕಣ್ಣು ಮುಗಿಯಿತು. ಮತ್ತೊಮ್ಮೆ ಹೊಡೆಯಿತು, ಇನ್ನೊಂದೂ ಮುಗಿಯಿತು. ಆಮೇಲೆ ಅತ್ತೆ ಕುಳಿತರು. ಟ್ಯಾಬಿನಲ್ಲಿ ತಮ್ಮ ಕಣ್ಣಿನ ಪರದೆ ನೋಡಿ, ಇದೇನ ಕುಂಬಳಕಾಯಿ ಹೋಳಿನಂಗ ಐತಿ, ನನ್ನ ಸೀರಿ ಎಲ್ಲಿ ಐತಿ ಎಂದು ಕೇಳಿದರು.

ಇದನ್ನು ಯಾವ ಡಾಕ್ಟರ್ ನೋಡುತ್ತಾರೆ ಎಂದು ನಾನು ಕೇಳಿದೆ. ಡಾಕ್ಟರ್ ಅಲ್ಲ, ಕಂಪ್ಯೂಟರೇ ಓದಿ ಹೇಳುತ್ತದೆ ಎಂದಳು ಸಿಸ್ಟರ್. ಸಂಶಯ ಬಂದ ಕಣ್ಣನ್ನಷ್ಟೇ ಡಾಕ್ಟರ ಕಡೆ ಕಳಿಸುತ್ತಾರಂತೆ. ಅತ್ತೆಗೆ ಇದು ಸರಿಬರಲಿಲ್ಲ. ಮನಷ್ಯಾರ ಕಣ್ಣ ಮನಷ್ಯಾರs ನೋಡಬೇಕು ಎಂದು ಗೊಣಗಿದರು.

ನೆಟ್ ನಿಧಾನವಿತ್ತು. ಬೇವಿನ ಗಿಡದ ಕೆಳಗೆ ಅರ್ಧ ತಾಸು ಕುಳಿತೆವು. ಆಮೇಲೆ ಸಿಸ್ಟರ್ ಬಾಗಿಲಿಗೆ ಬಂದು ‘ಮಹಾದೇವಿ’ ಎಂದು ಕರೆದಳು. ಮೂವತ್ತು ವರ್ಷದಲ್ಲಿ ಆ ಹೆಸರಿಗೆ ಓಗೊಡುವುದನ್ನೇ ನಾನು ಮರೆತಿದ್ದೆ. ಅತ್ತಿ, ನಿಮ್ಮನ್ನ ಕರಿಯಾಕತ್ತಾರ ನೋಡ್ರಿ ಎಂದು ಅವರನ್ನು ಎಬ್ಬಿಸಿ ಕಳಿಸಿದೆ. ಅವರು ಚೀಟಿ ತಂದರು. ಸ್ವಲ್ಪ ಹೊತ್ತಿಗೆ ಮತ್ತೆ ‘ಮಹಾದೇವಿ’ ಎಂದು ಕರೆದಾಗ, ಉಳಿದವಳು ನಾನೇ ಎಂದು ಹೋಗಿ ನನ್ನದನ್ನು ಇಸಿದುಕೊಂಡೆ.

ನನ್ನ ಚೀಟಿಯಲ್ಲಿ ಬರೆದಿತ್ತು: ತೊಂದರೆ ಕಂಡಿಲ್ಲ, ಒಂದು ವರ್ಷದ ನಂತರ ಬನ್ನಿ. ಅತ್ತೆಯ ಚೀಟಿಯಲ್ಲಿ: ಕಣ್ಣಿನ ತಜ್ಞರಿಗೆ ಬೇಗನೆ ತೋರಿಸಿ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಎಪ್ಪತ್ತನಾಲ್ಕು ವಯಸ್ಸು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಪೊರೆಯ ಆಪರೇಶನ್ ಬೇರೆ ಆಗಿದ್ದ ಕಣ್ಣು. ನಾನಾದರೋ ಸೂಜಿ ಪೋಣಿಸುವವಳು.

ಆಮೇಲೆ ಮೂರು ವಾರ ನಾನು ಅತ್ತೆಯ ಬೆನ್ನು ಬಿದ್ದೆ. ಅವರಿಗೆ ಬೆಳಗಾವಿಗೆ ಹೋಗಲು ಮನಸ್ಸಿಲ್ಲ. ಮೊದಲು ಅಮಾವಾಸ್ಯೆ ಅಡ್ಡ ಬಂತು, ಆಮೇಲೆ ಸಿರಸಂಗಿಯ ಅವರ ತವರಿನಿಂದ ಯಾರೋ ಬರುವವರಿದ್ದರು, ಆಮೇಲೆ ಮೊಣಕಾಲು. ನಮ್ಮ ಮನೆಯವರು ಹೇಳಿದರೂ ಕೇಳಲಿಲ್ಲ. ಕೊನೆಗೆ ಒಂದು ದಿನ ನಾನು ಸ್ವಲ್ಪ ಜೋರಾಗಿಯೇ ಅಂದೆ:

“ಕಣ್ಣ ಅಂದ್ರ ಚಾಷ್ಟಿ, ಹುಡುಗಾಟ ಅಂತ ತಿಳದೀರೇನ್ರಿ? ನಾಳೆ ಪೂರಾ ಹೋತಂದ್ರ ನಿಮ್ಮ ಕೈ ಹಿಡದು ಯಾರು ಅಡ್ಡ್ಯಾಡಸಬೇಕ್ರಿ?”

“ನೀ ಇದ್ದೀಯಲ್ಲ,” ಎಂದರು ಅತ್ತೆ. “ನಿನ್ನ ಕಣ್ಣ ಗಟ್ಟಿ ಅದಾವಲ್ಲ.”

ಮರುದಿನ ಇಬ್ಬರೂ ಬೆಳಗಾವಿಯ ಬಸ್ಸು ಹತ್ತಿದೆವು. ಬುತ್ತಿ ಕಟ್ಟಿಕೊಂಡಿದ್ದೆ: ರೊಟ್ಟಿ, ಶೇಂಗಾ ಹಿಂಡಿ, ಒಣ ಝುಣಕ. ಅಂದಿನ ದಿನಕ್ಕೆ ಒಪ್ಪಿಕೊಂಡಿದ್ದ ಎರಡು ಸೀರೆಗಳನ್ನು ವಾಪಸು ಕೊಟ್ಟು ಬಂದಿದ್ದೆ. ಅತ್ತೆಗಾಗಿ ಇಷ್ಟು ಮಾಡುತ್ತಿದ್ದೇನೆ ಎಂಬ ಒಂದು ಸಣ್ಣ ಹೆಮ್ಮೆಯೂ ಚೀಲದಲ್ಲಿ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಕಣ್ಣಿನ ಆಸ್ಪತ್ರೆಯ ಹೊರಗಿನ ಕೋಣೆಯನ್ನು ನೋಡದವರಿಗೆ ಹೇಳಬೇಕು. ಅಲ್ಲಿ ಎಲ್ಲರ ಕಣ್ಣಿಗೂ ಹನಿ ಹಾಕಿ ಕೂಡಿಸಿರುತ್ತಾರೆ. ಪಾಪೆ ಅಗಲವಾಗಿ ಯಾರಿಗೂ ಯಾರೂ ಸರಿಯಾಗಿ ಕಾಣುವುದಿಲ್ಲ. ಒಬ್ಬರು ಪರರ ಚಪ್ಪಲಿ ಮೆಟ್ಟುತ್ತಾರೆ, ಇನ್ನೊಬ್ಬರು ಪರರ ಹೆಂಡತಿಗೆ ನೀರಿನ ಬಾಟಲಿ ಕೊಡುತ್ತಾರೆ. ನಮ್ಮ ಪಕ್ಕದಲ್ಲಿ ಮೌಲಾಸಾಬ್ ಎಂಬವರು ಕುಳಿತಿದ್ದರು. ರಾಮದುರ್ಗದವರು, ಟೆಂಪೋ ಡ್ರೈವರ್. ನಾನು ಆ ಊರಿನ ಮಗಳು ಎಂದು ತಿಳಿದ ಕೂಡಲೇ ಅಕ್ಕಾರ ಎಂದು ಕರೆಯತೊಡಗಿದರು. ಅವರಿಗೂ ಸಕ್ಕರೆಯಿಂದಲೇ ಕಣ್ಣಿಗೆ ಬಂದದ್ದು; ಕಣ್ಣಿಗೆ ನಾಲ್ಕು ಇಂಜೆಕ್ಷನ್ ಮುಗಿದಿದ್ದವು. ಕಣ್ಣಿನ ಒಳಗೆ ಇಂಜೆಕ್ಷನ್ ಎಂದು ಕೇಳಿದ ಅತ್ತೆ ಸೀರೆಯ ಸೆರಗನ್ನು ಮುಖದ ತನಕ ಎಳೆದುಕೊಂಡರು.

ಡಾಕ್ಟರ್ ಒಬ್ಬ ಹೆಣ್ಣುಮಗಳು, ನನ್ನ ವಯಸ್ಸಿನವರು. ಅತ್ತೆಯ ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು. ಚೀಟಿ ತಿರುವಿ ನೋಡಿದರು. ಆಮೇಲೆ ಖುರ್ಚಿ ಹಿಂದಕ್ಕೆ ಸರಿಸಿ, ಅಮ್ಮನವರ ಪರದೆ ಚೊಲೊ ಐತ್ರಿ, ಸಕ್ಕರಿ ಅಲ್ಲಿಗೆ ಕೈ ಹಚ್ಚೇ ಇಲ್ಲ ಎಂದರು. ಮಷಿನ್ ಕೆಲವೊಮ್ಮೆ ತಪ್ಪುವುದೂ ಉಂಟಂತೆ, ಆದರೆ ಈ ಚೀಟಿಯಲ್ಲಿ ಎಡಗಣ್ಣು ಎಂದು ಬೇರೆ ಗುರುತು ಹಾಕಿದೆಯಲ್ಲ, ಈ ಎಡಗಣ್ಣಲ್ಲಿ ತೋರಿಸಲಿಕ್ಕೂ ಒಂದು ಚುಕ್ಕೆ ಇಲ್ಲ ಎಂದು ಅವರು ತಲೆ ಕೆರೆದುಕೊಂಡರು.

ಅತ್ತೆಗೆ ಆದ ಖುಷಿ ಹೇಳತೀರದು. ಬರೀ ಮಷಿನ್ನಿನ ಮಾತು ಕೇಳಿ ಕರಕೊಂಡು ಬಂದಾಳ್ರಿ ನಮ್ಮ ಸೊಸಿ ಎಂದು ಡಾಕ್ಟರಿಗೆ ದೂರು ಹೇಳಿದರು.

ಡಾಕ್ಟರ್ ನನ್ನ ಕಡೆ ತಿರುಗಿ, ಅವತ್ತು ನಿಮ್ಮ ಮನೆಯಿಂದ ಬೇರೆ ಯಾರಾದರೂ ಫೋಟೋ ತೆಗೆಸಿದ್ದರೇ ಎಂದು ಕೇಳಿದರು. ನಾನು ತೆಗೆಸಿದ್ದೆ, ನನಗೇನೂ ಇಲ್ಲ ಎಂದು ಬಂದಿದೆ ಎಂದೆ. ನಿಮ್ಮ ಹೆಸರೇನು ಎಂದರು. ಕಸ್ತೂರಿ ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾವು ಬಸ್ಸು ಹತ್ತಿ ಊರಿಗೆ ಬಂದುಬಿಡುತ್ತಿದ್ದೆವು. ಯಾಕೋ ಗೊತ್ತಿಲ್ಲ, ಕಾರ್ಡಿನಾಗ ಮಹಾದೇವಿ ಅಂತ ಐತ್ರಿ ಎಂಬ ಮಾತು ನನ್ನ ಬಾಯಿಂದ ಹೊರಗೆ ಬಂತು. ಹೇಳುತ್ತಿರುವಾಗಲೇ ನನ್ನ ಕಿವಿಗೆ ನನ್ನದೇ ಮಾತು ಬೇರೆಯಾಗಿ ಕೇಳಿಸಿತು. ಕತ್ತಲೆ ಕೋಣೆಯಲ್ಲಿ ಮೊದಲು ಕುಳಿತವಳು ನಾನು. ಮೊದಲು ಕರೆದದ್ದು ನನ್ನನ್ನು.

ಡಾಕ್ಟರ್ ಏನೂ ವಿವರಿಸಲು ಹೋಗಲಿಲ್ಲ. ಎದುರಿಗೆ ಕೂಡಿಸಿ, ಬಲಗಣ್ಣು ಮುಚ್ಚಿಸಿ, ಗೋಡೆಯ ಕ್ಯಾಲೆಂಡರ್ ನೋಡಿ ಎಂದರು. ಕ್ಯಾಲೆಂಡರಿನ ಚೌಕಗಳು ನಡುವೆ ಸೊಟ್ಟಗಾಗಿದ್ದವು, ನೆನೆದ ಕಾಗದದ ಮೇಲೆ ಗೆರೆ ಎಳೆದ ಹಾಗೆ. ನಡುವಿನ ತಾರೀಖುಗಳ ಮೇಲೆ ಒಂದು ಮಸಿ ಬೆರಳು ಒತ್ತಿದಂತೆ ಇತ್ತು. ಇದು ಯಾವಾಗಿನಿಂದ ಹೀಗೆ ಎಂದು ಕೇಳಿದರು. ನನಗೆ ಗೊತ್ತಿದ್ದರೆ ತಾನೇ ಹೇಳುವುದು? ಸೂಜಿ ಪೋಣಿಸುವಾಗ ಎಡಗಣ್ಣು ಮುಚ್ಚಿಕೊಳ್ಳುವುದು ನನ್ನ ರೂಢಿ. ಅದು ಮುಚ್ಚಿದ ಬಾಗಿಲ ಹಿಂದೆಯೇ ಕೆಡುತ್ತಾ ಹೋಗಿತ್ತು. ಬಲಗಣ್ಣು ಎರಡೂ ಕಣ್ಣಿನ ಕೆಲಸ ಮಾಡಿ ಮರ್ಯಾದೆ ಉಳಿಸುತ್ತಿತ್ತು.

ನನಗೆ ಆಗ ನೆನಪಾದದ್ದು ದೇವರಲ್ಲ, ಗಂಡನಲ್ಲ. ವಾಪಸು ಕೊಟ್ಟು ಬಂದ ಆ ಎರಡು ಸೀರೆಗಳು. ಅವು ಮತ್ತೆ ನನ್ನ ಕೈಗೆ ಬರುತ್ತವೆಯೋ ಇಲ್ಲವೋ ಎಂದು ತೊಡೆಯ ಮೇಲಿನ ಕೈ ನೋಡುತ್ತಾ ಕುಳಿತೆ.

ನನಗೆ ಹೊಸ ಕಾಗದ ಮಾಡಿಸಬೇಕಿತ್ತು. ಹೆಸರು ಬರೆದುಕೊಳ್ಳುವ ಹುಡುಗಿ, ಮಹಾದೇವಿ ಅಂತ ಆಗಲೇ ಒಂದು ಐತಲ್ರಿ, ಅದರಾಗs ಸೇರಸಲೇನು ಎಂದಳು. ನಾನು ಚೀಲದಲ್ಲಿ ಆಧಾರ್ ಕಾರ್ಡು ಹುಡುಕುತ್ತಿದ್ದೆ. ಆಗ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಕಣ್ಣಿಗೆ ಹನಿ ಹಾಕಿದ್ದರಿಂದ ಹುಡುಗಿ ಕಾಣದೆ ಪಕ್ಕದ ಕಂಬದ ಕಡೆ ಮುಖ ಮಾಡಿ ನಿಂತು ಹೇಳಿದರು:

“ಬರಕೋ ಯವ್ವಾ. ನನ್ನ ಗಂಡನ ಹೆಸರು ಬಸಲಿಂಗಪ್ಪ. ಈಕಿ ಗಂಡನ ಹೆಸರು ಶಿವಾನಂದ. ನಾ ಬ್ಯಾರೆ, ಈಕಿ ಬ್ಯಾರೆ. ಇನ್ನೊಮ್ಮೆ ಕೂಡಸಬ್ಯಾಡ.”

ಮದುವೆಯಾಗಿ ಐವತ್ತೈದು ವರ್ಷದಲ್ಲಿ ಆ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿಯಾದ ಮೇಲೆ ಎರಡೂ ಕೆನ್ನೆ ಬಡಿದುಕೊಂಡು, ನನ್ನ ಕೈ ಹುಡುಕಿ ಹಿಡಿದರು. ನಾವಿಬ್ಬರೂ ಮತ್ತೆ ಬಂದು ಬೆಂಚಿನ ಮೇಲೆ ಕುಳಿತೆವು. ಈ ಬಾರಿ ಹನಿ ಹಾಕಿಸಿಕೊಂಡವಳು ನಾನು.

ಸ್ಕ್ಯಾನ್ ಮಾಡಿ ನೋಡಿ ಡಾಕ್ಟರ್ ಹೇಳಿದ್ದು ಇಷ್ಟು: ಎಡಗಣ್ಣಿನ ಪರದೆಯ ನಟ್ಟನಡುವೆ ನೀರು ಜಿನುಗಿ ಬಾವು ಬಂದಿದೆ. ಬಲಗಣ್ಣಿನಲ್ಲಿ ಈಗಷ್ಟೇ ಶುರುವಾಗಿದೆ. ಎಡಗಣ್ಣಿಗೆ ತಿಂಗಳಿಗೊಂದರಂತೆ ಇಂಜೆಕ್ಷನ್ ಕೊಡಬೇಕು, ಜೊತೆಗೆ ಸಕ್ಕರೆ ಹತೋಟಿಗೆ ಬರಬೇಕು. ನನ್ನ ಹೊಲಿಗೆ ಎಂದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. “ಇನ್ನೊಂದು ವರ್ಷ ಬಿಟ್ಟು ಬಂದಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ರಿ. ಈಗ ಐತಿ. ಎಷ್ಟು ಉಳೀತೈತಿ ಅನ್ನೂದು ನಾಕ ತಿಂಗಳ ಆದ ಮ್ಯಾಲೆ ಹೇಳತೇನಿ.”

ಇನ್ನೊಂದು ವರ್ಷ. ನನ್ನ ಬಳಿಯಿದ್ದ ಚೀಟಿ ಅದನ್ನೇ ಹೇಳಿತ್ತು, ಒಂದು ವರ್ಷದ ನಂತರ ಬನ್ನಿ ಎಂದು.

ಉಣ್ಣದೆ ಚೀಲದಲ್ಲೇ ಉಳಿದಿದ್ದ ಬುತ್ತಿಯನ್ನು ಬಿಚ್ಚಿಸಿದವರು ಮೌಲಾಸಾಬ್. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ, ದನಿಯಿಂದಲೇ ತಿಳಿದರು. ಇಂಜೆಕ್ಷನ್ನಿಗೆ ಅಂಜಬ್ಯಾಡ್ರಿ ಅಕ್ಕಾರ, ಮೊದಲು ಹನಿ ಹಾಕಿ ಜೋಮು ಹಿಡಿಸುತ್ತಾರೆ, ಆಮೇಲೆ ಯಾರೋ ರೆಪ್ಪೆಯ ಮೇಲೆ ಬೆರಳು ಒತ್ತಿದಂತಾಗುತ್ತದೆ, ಅಷ್ಟರಲ್ಲಿ ಮುಗಿದಿರುತ್ತದೆ ಎಂದರು. ತಾವು ಮೊದಲ ಸಲ ಹೋದಾಗ ಅಂಜಿ ನರ್ಸಿನ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಆಕೆ ಎರಡನೆಯ ಸಲಕ್ಕೆ ಒಂದು ಸ್ಪಂಜಿನ ಚೆಂಡು ತಂದು ಕೈಗೆ ಕೊಟ್ಟಳಂತೆ. ಒಂದು ರೊಟ್ಟಿ ಇಸಿದುಕೊಂಡು, ನಮ್ಮೂರ ಕೈರುಚಿ ಹಂಗs ಐತಿ ಎಂದರು. ಅವರು ಅಷ್ಟು ಹೇಳಿದ್ದರಿಂದ ನನಗೆ ಹಸಿವಾಯಿತು. ಇಂಥ ಕೋಣೆಗಳಲ್ಲಿ ಮುಂದೆ ಹೋದವರು ತಿರುಗಿ ನೋಡಿ ಒಂದು ಮಾತು ಹೇಳಿದರೆ ಅದು ಎಷ್ಟು ದೊಡ್ಡದು ಎಂಬುದು ಗೊತ್ತಿದ್ದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಮಾವನವರಿಗೆ ತಮ್ಮ ಬಾಯಿಂದ ಹೆಸರು ಬಂದದ್ದು ಗೊತ್ತಾದರೆ ಏನು ಅಂದುಕೊಂಡಾರು ಎಂದು ಕೇಳಿದರು. ಗೊತ್ತಾಗಲಿಕ್ಕಿಲ್ಲ, ಅಲ್ಲಿ ಬಹಳ ಗದ್ದಲವಿತ್ತು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ, “ನನ್ನ ಹೆಸರ ಉಳಸಾಕ ನಿನ್ನ ಹೆಸರ ಕಸಗೊಂಡಿವಿ. ಅದಕs ಹಿಂಗಾತೇನ?” ಎಂದರು.

“ಹಂಗ ಅಲ್ರಿ ಅತ್ತಿ. ನಿಮ್ಮನ್ನ ತೋರಸಾಕ ಬಂದೆ ಅಂತs ನಂದು ಗೊತ್ತಾತು.”

“ಹೌದಲ್ಲ,” ಎಂದವರಿಗೆ ಜೀವ ಬಂತು. “ನಾ ಮೂರ ವಾರ ಸುಳ್ಳs ಹಟಾ ಹಿಡದೆ ನೋಡು. ಮೊದಲs ಬಂದಿದ್ರ ಚೊಲೊ ಆಗತಿತ್ತು.”

ನಮ್ಮ ಮನೆಯವರಿಗೆ ಅಂದೇ ಎಲ್ಲ ಹೇಳಿದೆ. ಅವರು ಕಣ್ಣಿನ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟರು. ಮರುದಿನ ಬೈಲಹೊಂಗಲದಿಂದ ಬರುವಾಗ ಒಂದು ಡಬ್ಬಿ ತುಂಬ ಬಲ್ಬು ತಂದು ಅಡುಗೆಮನೆ, ಪಡಸಾಲೆ, ನಾನು ಹೊಲಿಯಲು ಕೂರುವ ಕಿಟಕಿಯ ಮೂಲೆ, ಬಚ್ಚಲು ಎಲ್ಲ ಕಡೆ ಹಳೆಯದನ್ನು ತೆಗೆದು ದೊಡ್ಡ ಬೆಳಕಿನದನ್ನು ಹಾಕಿದರು. ಬಚ್ಚಲಲ್ಲಿ ಮದುವೆ ಮನೆಯಷ್ಟು ಬೆಳಕು. ನನ್ನ ಕಾಯಿಲೆ ಕತ್ತಲೆಯಿಂದ ಬಂದದ್ದಲ್ಲ ಎಂದು ಹೇಳಬೇಕೆಂದುಕೊಂಡೆ. ಏಣಿಯ ಮೇಲೆ ನಿಂತವರ ಮುಖ ನೋಡಿ ಸುಮ್ಮನೆ ಏಣಿ ಹಿಡಿದುಕೊಂಡೆ. ಆ ದಿನಗಳಲ್ಲಿ ಅವರ ನಿದ್ದೆ ಕೆಟ್ಟಿತ್ತು. ಭಾನುವಾರ ಮಧ್ಯಾಹ್ನ ಉಂಡು ಅಡ್ಡಾಗುವ ರೂಢಿಯನ್ನೂ ಬಿಟ್ಟು, ಇದ್ದ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತುತ್ತಾ ಕೂರುತ್ತಿದ್ದರು.

ಆರೋಗ್ಯ ಕೇಂದ್ರದ ಸಿಸ್ಟರಿಗೆ ವಿಷಯ ತಿಳಿಸಿದಾಗ ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಫೋಟೋ ಹುಡುಕಿ ತೆಗೆದು ತೋರಿಸಿದಳು. ಮಷಿನ್ ಇಬ್ಬರ ಕಣ್ಣನ್ನೂ ಸರಿಯಾಗಿಯೇ ಓದಿತ್ತು. ನನ್ನ ಎಡಗಣ್ಣಿನ ನಡುವೆ ಹಳದಿ ಹಳದಿ ಕಲೆಗಳು, ನಮ್ಮ ಕಣ್ಣಿಗೂ ಕಾಣುವಂಥವು. ತಪ್ಪು ನಿನ್ನದಲ್ಲ ತಂಗಿ, ನಮ್ಮ ಬಾಯಿಯದು ಎಂದು ಸಮಾಧಾನ ಮಾಡಿದೆವು. ಆಮೇಲಿಂದ ಅವಳು ಚೀಟಿಗಳ ಮೇಲೆ ಪೆನ್ನಿನಿಂದ ‘ಅತ್ತಿ’, ‘ಸೊಸಿ’ ಎಂದು ಬರೆದೇ ಕೊಡುತ್ತಾಳೆ. ಊರಲ್ಲಿ ಕಾರ್ಡಿಗೊಂದು ಹೆಸರು, ಮನೆಗೊಂದು ಹೆಸರು ಇರುವವರು ನಾನೊಬ್ಬಳೇ ಅಲ್ಲವಂತೆ. ಹುಡುಕಿದರೆ ಓಣಿಗೆ ಮೂರು ನಾಲ್ಕು ಮಂದಿ ಸಿಕ್ಕರಂತೆ.

ಮೊದಲ ಇಂಜೆಕ್ಷನ್ನಿಗೆ ಹೋದ ದಿನ ನಾನೂ ಅಂಜಿದ್ದು ನಿಜ. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿ ಎಡಗಣ್ಣಿನ ಜಾಗದಲ್ಲಿ ಮಾತ್ರ ಒಂದು ತೂತು ಬಿಟ್ಟರು. ನೋಯಲಿಲ್ಲ. ಮೌಲಾಸಾಬ್ ಹೇಳಿದ ಹಾಗೆ ಬೆರಳು ಒತ್ತಿದಂತಾಯಿತು, ಆಮೇಲೆ ಕಣ್ಣಿನೊಳಗೆ ಒಂದು ಕರಿ ಗುಳ್ಳೆ ತೇಲಿತು. ಹೊರಗೆ ಬಂದಾಗ ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. ಜಪ ಮಾಡುತ್ತಿದ್ದಾರೆಂದುಕೊಂಡರೆ, ಕಣ್ಣು ಕಟ್ಟಿಕೊಂಡು ಕೂತರೆ ಹೇಗಿರುತ್ತದೆಂದು ತಾವೂ ನೋಡುತ್ತಿದ್ದರಂತೆ.

ಮನೆಯಲ್ಲಿ ಅವರು ನನ್ನ ಕಾವಲಿಗೆ ನಿಂತರು. ಇಪ್ಪತ್ತು ವರ್ಷ ನಾನು ಅವರ ಗುಳಿಗೆ ಎಣಿಸಿದೆ, ಈಗ ಅವರು ನನ್ನದನ್ನು ಎಣಿಸುತ್ತಾರೆ. ನಾನು ನುಂಗಿ ನೀರು ಕುಡಿಯುವ ತನಕ ಕದಲುವುದಿಲ್ಲ. ನೆರೆಮನೆಯವರು ಸೀಮಂತದ ಉಂಡಿ ತಂದುಕೊಟ್ಟರೆ, ನನ್ನ ಪರದಿ ಚೊಲೊ ಐತಿ, ಡಾಕ್ಟರ್ ಹೇಳ್ಯಾರ ಎಂದು ತಾವೊಂದು ತಿಂದು, ಆಮೇಲೆ ಸಿಕ್ಕಿಬಿದ್ದಾಗ ಮೊಣಕಾಲು ಹಿಡಿದುಕೊಂಡು ನರಳುತ್ತಾರೆ. ಓಣಿಯಲ್ಲಿ ಯಾರಿಗಾದರೂ ಸಕ್ಕರೆ ಇದೆ ಎಂದು ತಿಳಿದರೆ ಸಾಕು, ಕಟ್ಟೆಗೆ ಕರೆದು ಒಂದೊಂದೇ ಕಣ್ಣು ಮುಚ್ಚಿಸಿ ಎದುರುಮನೆಯ ಸರಳಿನ ಕಿಟಕಿ ನೋಡಲು ಹೇಳುತ್ತಾರೆ. ಸರಳುಗಳು ನೆಟ್ಟಗೆ ಕಂಡವರೂ ಫೋಟೋಕ್ಕೆ ಹೋಗಲೇಬೇಕೆಂಬುದು ಅವರ ಕಾನೂನು. ಹೋಗುವಾಗ ಗಂಡನ ಹೆಸರು ಹೇಳಿ ಬರಬೇಕೆಂಬುದು ಎರಡನೆಯ ಕಾನೂನು. ಹೇಳಲಾರದ ಮುದುಕಿಯರಿಗೆ ಅವರೇ ಜೊತೆಯಲ್ಲಿ ಹೋಗಿ, ಪರರ ಗಂಡಂದಿರ ಹೆಸರನ್ನು ಧಾರಾಳವಾಗಿ ಹೇಳಿ ಬರುತ್ತಾರೆ.

ಆ ನಾಲ್ಕು ತಿಂಗಳು ನಾನು ಫಾಲ್ ಹಚ್ಚಲಿಲ್ಲ. ಬೇಡ ಎಂದವರು ಡಾಕ್ಟರಲ್ಲ, ನಾನೇ. ಹೊಲಿಯಲು ಕುಳಿತರೆ ಎಡಗಣ್ಣಿನ ಪರೀಕ್ಷೆ ಮಾಡಿದಂತಾಗುತ್ತದೆ, ಅದು ನಪಾಸಾದರೆ ಏನು ಮಾಡುವುದು ಎಂಬ ಭಯ. ಬಂದ ಸೀರೆಗಳನ್ನೆಲ್ಲ ಇನ್ನೊಬ್ಬರ ಮನೆಗೆ ಕಳಿಸುತ್ತಿದ್ದೆ.

ಮೊನ್ನೆಯ ಶನಿವಾರ ಅಲ್ಲ, ಅದರ ಹಿಂದಿನ ಶನಿವಾರ, ನಾಲ್ಕನೆಯ ಇಂಜೆಕ್ಷನ್ ಆಗಿ ತಿಂಗಳು ತುಂಬಿ, ತಪಾಸಣೆಗೆ ಹೋದೆವು. ನಮ್ಮ ಮನೆಯವರು ಅಂಗಡಿ ಮುಚ್ಚಿ ತಾವೂ ಬಂದರು. ಬೆಂಚಿನ ಮೇಲೆ ನಾವು ಮೂವರು ಸಾಲಾಗಿ ಕುಳಿತೆವು. ಅವರು ಇಡೀ ಹೊತ್ತು ಎದುರುಗೋಡೆಯ ಫ್ಯಾನಿನ ಸ್ವಿಚ್ಚು ನೋಡುತ್ತಿದ್ದರು. ಸ್ಕ್ಯಾನ್ ಆಯಿತು. ಡಾಕ್ಟರ್ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕ ಪಕ್ಕ ಇಟ್ಟರು. ಹಳೆಯದರಲ್ಲಿ ಪರದೆ ಉಬ್ಬಿ ಗುಡ್ಡದಂತೆ ಇತ್ತು, ಹೊಸದರಲ್ಲಿ ಹೊಲದ ಬದುವಿನಷ್ಟು ಇಳಿದಿತ್ತು. ಅಕ್ಷರದ ಹಲಗೆ ಓದಿಸಿದರು. ಎಡಗಣ್ಣಲ್ಲಿ ಮೊದಲು ಕಾಣದಿದ್ದ ಎರಡು ಸಾಲು ಓದಿದೆ. ಮೂರನೆಯ ಸಾಲನ್ನು ಊಹೆ ಮಾಡಿ ಹೇಳಿದೆ. ಅದು ತಪ್ಪಾಯಿತು, ಅವರು ನಕ್ಕರು. ಇದು ಒಮ್ಮೆಲೇ ಪೂರ್ತಿ ಹೋಗುವ ಜಾತಿಯದಲ್ಲ, ಬರುತ್ತಾ ಇರಬೇಕು, ಇನ್ನೂ ಕೆಲವು ಇಂಜೆಕ್ಷನ್ ಬೇಕಾಗಬಹುದು ಎಂದರು.

“ಹೊಲಿಗಿ?” ಎಂದು ಕೇಳಿದವರು ನಾನಲ್ಲ, ನಮ್ಮ ಮನೆಯವರು. ಬೆಳಗಿನಿಂದ ಅವರು ಆಡಿದ ಮೊದಲ ಮಾತು.

“ಹೊಲೀಲಿ ಬಿಡ್ರಿ. ತಾಸಿಗೊಮ್ಮೆ ಎದ್ದು ಅಂಗಳ ನೋಡಲಿ, ಅಷ್ಟs.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂಡಿಸಿದರು. ಹತ್ತಿ ಬಿಡಿಸುವ ಕಾಲ. ಹೊಲದ ತುಂಬ ಬಿಳಿ. ಹನಿ ಹಾಕಿದ್ದರಿಂದ ಒಂದೊಂದು ಅರಳಿದ ಕಾಯಿಯೂ ಬೆಳಕಿನ ಉಂಡೆಯಂತೆ ದೊಡ್ಡದಾಗಿ ಕಂಡಿತು. ಅತ್ತೆ ಬಸ್ಸಿನಲ್ಲಿದ್ದ ಒಬ್ಬ ಪರಿಚಯವಿಲ್ಲದ ಹೆಣ್ಣುಮಗಳಿಗೆ ನನ್ನ ಎಡಗಣ್ಣಿನ ಎರಡು ಸಾಲಿನ ಸುದ್ದಿ ಹೇಳುತ್ತಿದ್ದರು, ಊರು ಬರುವ ಹೊತ್ತಿಗೆ ಅದು ನಾಲ್ಕು ಸಾಲಾಗಿತ್ತು.

ಮನೆಗೆ ಬಂದಾಗ ಮಧ್ಯಾಹ್ನ ಎರಡೂವರೆ. ಬೆಳಿಗ್ಗೆಯೇ ಮಾಡಿಟ್ಟಿದ್ದ ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಅಗಸಿ ಹಿಂಡಿ, ಮಜ್ಜಿಗೆ. ನಮ್ಮ ಮನೆಯವರು ಮೂರು ರೊಟ್ಟಿ ಉಂಡರು, ಕೇಳಿ ಇನ್ನರ್ಧ ಹಾಕಿಸಿಕೊಂಡರು. ಅತ್ತೆ ಒಂದೂವರೆ. ನಾನು ಎರಡು. ಗಂಗಾಳ ಎತ್ತಿಟ್ಟು ಬರುವಷ್ಟರಲ್ಲಿ ನಮ್ಮ ಮನೆಯವರು ಪಡಸಾಲೆಯ ಬರಿಯ ನೆಲದ ಮೇಲೆ, ಕೈ ತಲೆಗಿಟ್ಟುಕೊಂಡು, ಗೊರಕೆ ಹೊಡೆಯುತ್ತಿದ್ದರು. ಅಂಗಿಯ ಗುಂಡಿಯನ್ನೂ ಬಿಚ್ಚಿರಲಿಲ್ಲ. ಅತ್ತೆ ಬೆರಳು ತುಟಿಯ ಮೇಲಿಟ್ಟು ನನಗೆ ಸನ್ನೆ ಮಾಡಿ, ಅವರಿಗೊಂದು ಚಾದರ ಹೊದಿಸಿ, ಆಮೇಲೆ ತಾವು ಮಲಗಿದರು.